ಶಸ್ತ್ರಚಿಕಿತ್ಸೆ ಉಚಿತ, ಸದ್ದಿನ ಅಳತೆ ಯಾರ ಹೊಣೆ?

ಬಾಗಲಕೋಟೆ: ಹುಟ್ಟು ಕಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದ ದಿನ ಆಸ್ಪತ್ರೆಯಲ್ಲಿ ಸಂಭ್ರಮವಿರುತ್ತದೆ. ವೈದ್ಯರೊಡನೆ ತಂದೆ-ತಾಯಿಯ ಛಾಯಾಚಿತ್ರ ಮರುದಿನದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಆದರೆ ಆ ದಿನ ಮಗುವಿಗೆ ಏನೂ ಕೇಳಿಸುವುದಿಲ್ಲ. ಗಾಯ ಮಾಗಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಂತರ, ಕಿವಿಯ ಹಿಂದಿನ ಯಂತ್ರಕ್ಕೆ ಚಾಲನೆ ನೀಡಿದಾಗಲೇ ಮೊದಲ ಸದ್ದು. ಆ ಸದ್ದು ಮಗುವಿಗೆ ಪಿಸುಮಾತಿನಂತೆ ಕೇಳಬೇಕೋ, ಸಿಡಿಲಿನಂತೆ ಅಪ್ಪಳಿಸಬೇಕೋ ಎಂಬುದನ್ನು ಶಸ್ತ್ರಚಿಕಿತ್ಸಕರ ಚಾಕು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಕಂಪ್ಯೂಟರಿನ ಮುಂದೆ ಕುಳಿತ ಶ್ರವಣ ತಜ್ಞರು ಮೈಕ್ರೋಆಂಪಿಯರ್‌ಗಳಲ್ಲಿ ನಿಗದಿಪಡಿಸುವ ವಿದ್ಯುತ್ ಪ್ರಮಾಣ.

ಸರ್ಕಾರಿ ಯೋಜನೆಗಳ ಲೆಕ್ಕಪುಸ್ತಕದಲ್ಲಿ ಶಸ್ತ್ರಚಿಕಿತ್ಸೆಗೆ ದಪ್ಪ ಅಕ್ಷರದ ಅಂಕಣವಿದೆ. ಈ ಎರಡನೆಯ ಕೆಲಸಕ್ಕೆ ಅಷ್ಟು ಜಾಗವಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಕುಟುಂಬಗಳ ಮಟ್ಟಿಗೆ ಇಂದಿನ ನಿಜವಾದ ಪ್ರಶ್ನೆ ಇದೇ ಆಗಿದೆ.

ಹಣದ ಅಡ್ಡಿ ಮೊದಲಿನಷ್ಟಿಲ್ಲ

ಒಂದು ಕಾಲದಲ್ಲಿ ಈ ಸಾಧನದ ಬೆಲೆ ಕೇಳಿಯೇ ಪೋಷಕರು ಹಿಂದಿರುಗುತ್ತಿದ್ದರು. 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಪರಿಷ್ಕೃತ ಎಡಿಐಪಿ ಯೋಜನೆ, ವರ್ಷಕ್ಕೆ 500 ಮಕ್ಕಳಿಗೆ ತಲಾ 6 ಲಕ್ಷ ರೂ. ಮಿತಿಯಲ್ಲಿ ಇಂಪ್ಲಾಂಟ್ ಒದಗಿಸುವ ವ್ಯವಸ್ಥೆ ಮಾಡಿತು. ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆ ಇದರ ನೋಡಲ್ ಸಂಸ್ಥೆ. ರಾಜ್ಯದಲ್ಲಿ ಆರೋಗ್ಯ ಇಲಾಖೆಯ 'ಶ್ರವಣ ಸಂಜೀವಿನಿ' ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ನಡೆಸುವ 30 ತೊಂದರೆಗಳ ಪಟ್ಟಿಯಲ್ಲಿ ಜನ್ಮಜಾತ ಕಿವುಡುತನವೂ ಸೇರಿದೆ.

ಹೀಗಾಗಿ ಮಗುವನ್ನು ಗುರುತಿಸುವ ಮತ್ತು ಸಾಧನವನ್ನು ಒಳಗಿಡುವ ಎರಡು ಹಂತಗಳು, ನಿಧಾನವಾಗಿಯಾದರೂ, ಹಾದಿಗೆ ಬಂದಿವೆ ಎನ್ನಬಹುದು. ಕುಂಟುತ್ತಿರುವುದು ಮೂರನೆಯ ಹಂತ.

ಹತ್ತು ಲಕ್ಷ ಪಟ್ಟು, ಹತ್ತು ಪಟ್ಟಿನೊಳಗೆ

ಈ ಹಂತದ ಕಷ್ಟ ಅರ್ಥವಾಗಬೇಕಾದರೆ ಕಿವಿಯ ಲೆಕ್ಕವನ್ನು ಸ್ವಲ್ಪ ನೋಡಬೇಕು. ಆರೋಗ್ಯವಂತ ಕಿವಿ ಕೇಳಬಲ್ಲ ಅತಿ ಸಣ್ಣ ಸದ್ದಿನಿಂದ ನೋವುಂಟುಮಾಡುವ ಸದ್ದಿನವರೆಗೆ ಸುಮಾರು 120 ಡೆಸಿಬೆಲ್‌ಗಳ ಅಂತರವಿದೆ. ಗಾಳಿಯ ಒತ್ತಡದ ಲೆಕ್ಕದಲ್ಲಿ ಇದು ಹತ್ತು ಲಕ್ಷ ಪಟ್ಟು. ಕರ್ಣಶಂಖದೊಳಗಿನ ಸೂಕ್ಷ್ಮ ರೋಮಕೋಶಗಳು ಈ ಅಗಾಧ ವ್ಯಾಪ್ತಿಯನ್ನು ತಾವೇ ಹಿಗ್ಗಿಸಿ, ಕುಗ್ಗಿಸಿ ನರಕ್ಕೆ ದಾಟಿಸುತ್ತವೆ. ಹುಟ್ಟು ಕಿವುಡಿನ ಬಹುಪಾಲು ಮಕ್ಕಳಲ್ಲಿ ಕೆಟ್ಟಿರುವುದು ಈ ರೋಮಕೋಶಗಳೇ.

ಇಂಪ್ಲಾಂಟ್ ಆ ಕೋಶಗಳನ್ನು ಬದಿಗಿಟ್ಟು ಶ್ರವಣ ನರವನ್ನು ನೇರವಾಗಿ ವಿದ್ಯುತ್ತಿನಿಂದ ತಟ್ಟುತ್ತದೆ. ವಿದ್ಯುತ್ತಿನ ಭಾಷೆಯಲ್ಲಿ ನರಕ್ಕೆ ಅಷ್ಟು ದೊಡ್ಡ ವ್ಯಾಪ್ತಿ ಇಲ್ಲ. 'ಈಗ ಕೇಳಿಸಿತು' ಎಂಬ ಮಟ್ಟಕ್ಕೂ 'ಇನ್ನು ಸಾಕು' ಎಂಬ ಮಟ್ಟಕ್ಕೂ ಇರುವ ಅಂತರ ಬಹುತೇಕರಲ್ಲಿ 10ರಿಂದ 20 ಡೆಸಿಬೆಲ್ ಮಾತ್ರ. ಅಂದರೆ ವಿದ್ಯುತ್ ಪ್ರಮಾಣ ಮೂರು ಪಟ್ಟಿನಿಂದ ಹತ್ತು ಪಟ್ಟು ಏರುವಷ್ಟರಲ್ಲಿ ಪಿಸುಮಾತಿನಿಂದ ಕಿರುಚಾಟದವರೆಗಿನ ಎಲ್ಲವೂ ಮುಗಿಯಬೇಕು. ಆಲಮಟ್ಟಿಯ ಹಿನ್ನೀರನ್ನು ಒಂದು ಹೊಲಗಾಲುವೆಯಲ್ಲಿ ಹಾಯಿಸಿ, ಕಟ್ಟೆ ಒಡೆಯದಂತೆಯೂ ಕೊನೆಯ ಸಾಲಿಗೆ ನೀರು ತಲುಪುವಂತೆಯೂ ನೋಡಿಕೊಳ್ಳುವ ಕೆಲಸ ಇದು.

ಇನ್ನೊಂದು ತೊಡಕೂ ಇದೆ. ವಿದ್ಯುತ್ತಿನ ಪ್ರಮಾಣ ಏರಿದಂತೆ ಸದ್ದಿನ ಗಟ್ಟಿತನ ಅದೇ ಅನುಪಾತದಲ್ಲಿ ಏರುವುದಿಲ್ಲ. ಫಾನ್-ಗಾಂಗ್ ಝೆಂಗ್ ಮತ್ತು ರಾಬರ್ಟ್ ಶಾನನ್ 1994ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಗಟ್ಟಿತನವು ವಿದ್ಯುತ್ತಿನೊಂದಿಗೆ ಘಾತೀಯವಾಗಿ ಬೆಳೆಯುವ ಬಗೆಯನ್ನು ವಿವರಿಸಿತು. ಕೆಳಗಿನ ಮಟ್ಟದಲ್ಲಿ ಹತ್ತು ಹೆಜ್ಜೆ ಏರಿಸಿದರೂ ಮಗು ಸುಮ್ಮನಿರಬಹುದು. ಮೇಲಿನ ತುದಿಯಲ್ಲಿ ಕೆಲವೇ ಹೆಜ್ಜೆ ಏರಿಸಿದರೆ ಬೆಚ್ಚಿ ಅಳಬಹುದು. ಬಳಕೆಯಲ್ಲಿರುವ ಒಂದು ಪ್ರಮುಖ ಸಾಧನದಲ್ಲಿ ಈ ಹೆಜ್ಜೆಗಳಿಗೆ 0ರಿಂದ 255ರವರೆಗೆ ಅಂಕಗಳಿವೆ. 17.5 ಮೈಕ್ರೋಆಂಪಿಯರ್‌ನಿಂದ ಆರಂಭವಾಗಿ 1750 ಮೈಕ್ರೋಆಂಪಿಯರ್‌ಗೆ ಮುಗಿಯುವ ಈ ಏಣಿಯ ಪ್ರತಿ ಮೆಟ್ಟಿಲು ಹಿಂದಿನದಕ್ಕಿಂತ ಸುಮಾರು ಶೇ 1.8ರಷ್ಟು ಎತ್ತರ.

ಯಂತ್ರದಲ್ಲಿ 255 ಮೆಟ್ಟಿಲುಗಳಿದ್ದರೂ ಕೇಳುವವರಿಗೆ ಅಷ್ಟೂ ಗೊತ್ತಾಗುವುದಿಲ್ಲ. ಸಂಶೋಧನೆಗಳ ಪ್ರಕಾರ ಇಂಪ್ಲಾಂಟ್ ಬಳಸುವವರು ಬೇರೆಬೇರೆಯಾಗಿ ಗುರುತಿಸಬಲ್ಲ ಗಟ್ಟಿತನದ ಹಂತಗಳು ಏಳೆಂಟರಿಂದ 45ರಷ್ಟು. ಒಬ್ಬರಿಗೂ ಇನ್ನೊಬ್ಬರಿಗೂ, ಅಷ್ಟೇಕೆ, ಒಂದೇ ಕಿವಿಯ ಒಂದು ಎಲೆಕ್ಟ್ರೋಡಿಗೂ ಪಕ್ಕದ ಎಲೆಕ್ಟ್ರೋಡಿಗೂ ಈ ಸಂಖ್ಯೆ ಬದಲಾಗುತ್ತದೆ.

'ಹೋದ'ನೋ 'ಹೋದಳು'ವೋ?

ಪದದ ಗುರುತು ಸಿಕ್ಕರೆ ಸಾಲದೇ, ಗಟ್ಟಿತನದ ಸೂಕ್ಷ್ಮ ಏಕೆ ಬೇಕು ಎಂದು ಕೇಳಬಹುದು. ದಶಕಗಳ ಕಾಲ ಸಂಶೋಧಕರ ಗಮನವೂ ಹೆಚ್ಚಾಗಿ ಸ್ಥಾಯಿಯ ಕಡೆಗೇ ಇತ್ತು. ಯಾವ ಎಲೆಕ್ಟ್ರೋಡ್ ಯಾವ ಸ್ವರವನ್ನು ಕೊಡಬೇಕು ಎಂಬ ಕಡೆಗೆ. 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಬಹು ಎಲೆಕ್ಟ್ರೋಡ್ ಸಾಧನವನ್ನು ಅಳವಡಿಸಿದರು. 1991ರಲ್ಲಿ ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು ಎಲ್ಲ ಎಲೆಕ್ಟ್ರೋಡ್‌ಗಳನ್ನು ಒಟ್ಟಿಗೆ ಚಾಲೂ ಮಾಡದೆ ಒಂದಾದ ಮೇಲೊಂದರಂತೆ ಮಿಡಿಸುವ ವಿಧಾನವನ್ನು ಪ್ರಕಟಿಸಿದರು. ಮಾತು ಅರ್ಥವಾಗುವ ಗುಣಮಟ್ಟ ಒಮ್ಮೆಲೇ ಏರಿತು. ಇವರಿಬ್ಬರಿಗೂ ವಿಯೆನ್ನಾದ ಇಂಗೆಬೋರ್ಗ್ ಹೋಖ್‌ಮೈರ್ ಅವರಿಗೂ 2013ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಂದಿತು. ಗಟ್ಟಿತನದ ಪ್ರಶ್ನೆ ಮಾತ್ರ ಬಹುಕಾಲ ಹಿಂದಿನ ಸಾಲಿನಲ್ಲೇ ಕುಳಿತಿತ್ತು.

ಕನ್ನಡ ಕಲಿಯುವ ಮಗುವಿನ ಪಾಲಿಗೆ ಇದು ಹಿಂದಿನ ಸಾಲಿನ ವಿಷಯವಲ್ಲ. ಕನ್ನಡದಲ್ಲಿ ಲಿಂಗ, ವಚನ, ವಿಭಕ್ತಿಗಳೆಲ್ಲ ಪದದ ಬಾಲದಲ್ಲಿವೆ. ಮಾತಿನ ಓಟದಲ್ಲಿ ದನಿ ಇಳಿಯುವುದೂ ಆ ಬಾಲದಲ್ಲೇ. ಹೋದ, ಹೋದಳು, ಹೋದರು. ಮನೆಗೆ, ಮನೆಯಿಂದ, ಮನೆಯಲ್ಲಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಹೋದ್ಳು', 'ಮನ್ಯಾಗ' ಎಂದು ಕೊನೆ ಇನ್ನಷ್ಟು ಮೊಟಕಾಗುತ್ತದೆ. ಕೆಳಮಟ್ಟದ ಸದ್ದನ್ನು ಯಂತ್ರ ಸರಿಯಾಗಿ ದಾಟಿಸದಿದ್ದರೆ ಮಗುವಿಗೆ ಧಾತು ಕೇಳಿಸಿ ಪ್ರತ್ಯಯ ಕೇಳಿಸದೆ ಹೋಗುತ್ತದೆ. ಅಂತಹ ಮಗು ಪದಗಳನ್ನು ಕಲಿಯುತ್ತದೆ, ವಾಕ್ಯ ಕಟ್ಟಲು ತಡವರಿಸುತ್ತದೆ. ಶಾಲೆಯಲ್ಲಿ ಅದಕ್ಕೆ 'ಬುದ್ಧಿ ಮಂದ' ಎಂಬ ಹಣೆಪಟ್ಟಿ ಬೀಳುವುದಕ್ಕೆ ಹೆಚ್ಚು ದಿನ ಬೇಕಿಲ್ಲ.

ಅವ್ವ ಸಿಟ್ಟಿನಿಂದ ಕರೆದಳೋ ಮುದ್ದಿನಿಂದ ಕರೆದಳೋ ಎಂಬುದೂ ದನಿಯ ಏರಿಳಿತದಲ್ಲಿದೆ. ಸದ್ದು ಯಾವ ದಿಕ್ಕಿನಿಂದ ಬಂತು ಎಂಬುದನ್ನು ಎರಡೂ ಕಿವಿಗಳಿಗೆ ತಲುಪುವ ಗಟ್ಟಿತನದ ವ್ಯತ್ಯಾಸದಿಂದ ಅರಿಯಬೇಕು. ಸರ್ಕಾರಿ ಯೋಜನೆಗಳಲ್ಲಿ ಸಾಮಾನ್ಯವಾಗಿ ಇಂಪ್ಲಾಂಟ್ ಸಿಗುವುದು ಒಂದೇ ಕಿವಿಗೆ. ಇನ್ನೊಂದು ಕಿವಿಯಲ್ಲಿ ಶ್ರವಣ ಸಾಧನವಿದ್ದರೆ ಅದರ ಗಟ್ಟಿತನವನ್ನೂ ಇದರೊಡನೆ ಹೊಂದಿಸಬೇಕು.

ಮಗುವಿನ ಮುಖವೇ ಮಾಪಕ

ಕನಿಷ್ಠ ಮಟ್ಟ ಮತ್ತು ಹಿತಕರ ಗರಿಷ್ಠ ಮಟ್ಟವನ್ನು ಪ್ರತಿ ಎಲೆಕ್ಟ್ರೋಡಿಗೂ ನಿಗದಿಪಡಿಸುವ ಕೆಲಸಕ್ಕೆ 'ಮ್ಯಾಪಿಂಗ್' ಎಂದು ಹೆಸರು. ಸಾಧನವನ್ನು ಅನುಸರಿಸಿ ಎಲೆಕ್ಟ್ರೋಡ್‌ಗಳು 12, 16 ಅಥವಾ 22. ದೊಡ್ಡವರಾದರೆ 'ಇದು ಹಿತವಾಗಿದೆ, ಇದು ಜಾಸ್ತಿಯಾಯಿತು' ಎಂದು ಹೇಳಬಲ್ಲರು. ಎಂದೂ ಸದ್ದನ್ನೇ ಕೇಳದ ಎರಡು ವರ್ಷದ ಮಗುವಿಗೆ 'ಜಾಸ್ತಿ' ಎಂಬ ಕಲ್ಪನೆಯೇ ಇಲ್ಲ. ಕಣ್ಣು ಮಿಟುಕಿಸುವುದು, ಆಟ ನಿಲ್ಲಿಸುವುದು, ಅವ್ವನ ಸೆರಗು ಹಿಡಿಯುವುದು ಇಂತಹ ಸುಳಿವುಗಳನ್ನೇ ತಜ್ಞರು ಓದಬೇಕು. ಸ್ವಲ್ಪ ದೊಡ್ಡ ಮಗುವಾದರೆ ಸದ್ದು ಕೇಳಿದಾಗಲೆಲ್ಲ ಬುಟ್ಟಿಗೆ ಒಂದು ಮಣಿ ಹಾಕುವ ಆಟ ಕಲಿಸುತ್ತಾರೆ.

ನೆರವಿಗೆ ಎರಡು ಪರೀಕ್ಷೆಗಳಿವೆ. ವಿದ್ಯುತ್ ಮಿಡಿತಕ್ಕೆ ಶ್ರವಣ ನರ ಉತ್ತರಿಸುವುದನ್ನು ಇಂಪ್ಲಾಂಟ್ ಮೂಲಕವೇ ಅಳೆಯುವುದು ಒಂದು. ಗಟ್ಟಿ ಸದ್ದಿಗೆ ನಡುಗಿವಿಯ ಸ್ಟೆಪೀಡಿಯಸ್ ಸ್ನಾಯು ತಾನಾಗಿ ಸೆಟೆಯುವ ಮಟ್ಟವನ್ನು ಗುರುತಿಸುವುದು ಇನ್ನೊಂದು. ಮೊದಲನೆಯದು ಮಾಡಲು ಸುಲಭ. ಆದರೆ ಒಂದು ಮಗುವಿನ ಹಿತಕರ ಮಟ್ಟವನ್ನು ಅದರಿಂದಲೇ ಖಚಿತವಾಗಿ ಊಹಿಸಲಾಗದು. ಎರಡನೆಯದು ಹಿತಕರ ಮಟ್ಟಕ್ಕೆ ಹೆಚ್ಚು ಹತ್ತಿರದ ಉತ್ತರ ಕೊಡುತ್ತದೆ, ಆದರೆ ಮಗು ಅಲುಗಾಡದೆ ಕುಳಿತಿರಬೇಕು ಮತ್ತು ನಡುಗಿವಿ ಆರೋಗ್ಯವಾಗಿರಬೇಕು. ಕಿವಿ ಸೋರುವ ಮಕ್ಕಳು ಸಾಮಾನ್ಯವಾಗಿರುವ ಪ್ರದೇಶದಲ್ಲಿ ಈ ಕೊನೆಯ ಷರತ್ತು ಸಣ್ಣದಲ್ಲ.

ಒಮ್ಮೆ ಮಾಡಿದ ಮ್ಯಾಪ್ ಶಾಶ್ವತವೂ ಅಲ್ಲ. ಎಲೆಕ್ಟ್ರೋಡ್ ಸುತ್ತ ಅಂಗಾಂಶ ಬೆಳೆದಂತೆ, ನರ ವಿದ್ಯುತ್ತಿಗೆ ಒಗ್ಗಿಕೊಂಡಂತೆ ಮೊದಲ ತಿಂಗಳುಗಳಲ್ಲಿ ಮಟ್ಟಗಳು ಬದಲಾಗುತ್ತಲೇ ಇರುತ್ತವೆ. ನೆಲೆಗೊಳ್ಳಲು ವರ್ಷದ ಹತ್ತಿರ ಬೇಕಾದೀತು. ಹಳೆಯ ಮ್ಯಾಪಿನಲ್ಲೇ ಉಳಿದ ಮಗುವಿಗೆ ಸದ್ದು ಮಸುಕಾಗುತ್ತದೆ. ಅವಸರದಲ್ಲಿ ಏರಿಸಿದ ಮ್ಯಾಪಾದರೆ ಮಗು ಯಂತ್ರವನ್ನೇ ಕಿತ್ತು ಬಿಸಾಡುತ್ತದೆ. 'ನಮ್ಮ ಹುಡುಗ ಮಷೀನ್ ಹಾಕ್ಕೊಳ್ಳಾಕ ಒಲ್ಲೆ ಅಂತಾನ' ಎಂಬ ದೂರನ್ನು ಹಟವೆಂದು ತಳ್ಳಿಹಾಕುವ ಮೊದಲು ಮ್ಯಾಪ್ ತೆರೆದು ನೋಡಬೇಕಾಗುತ್ತದೆ.

ಮಗ್ಗದ ಸದ್ದಿನ ನಡುವೆ

ಮ್ಯಾಪಿಂಗ್ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಮಗು ಬದುಕುವುದು ಇಳಕಲ್‌ನಲ್ಲಿ. ಹುನಗುಂದದಿಂದ ಬೇರ್ಪಟ್ಟು ತಾಲ್ಲೂಕಾದ ಈ ಪಟ್ಟಣದ ಓಣಿಗಳಲ್ಲಿ ಮಗ್ಗದ ಸದ್ದು ನಿಲ್ಲುವುದು ಅಪರೂಪ. ಊರ ಹೊರಗೆ ಗ್ರಾನೈಟ್ ಕತ್ತರಿಸುವ ಘಟಕಗಳಿವೆ. ವಿದ್ಯುತ್ ಮಗ್ಗಗಳ ಷೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸಕ್ಕೆ ನಮ್ಮ ದೇಶದ ನಿಯಮಗಳು ಒಪ್ಪುವ ಗರಿಷ್ಠ ಮಟ್ಟವೂ 90. ಮಾತುಕತೆಯ ಸದ್ದು ಸುಮಾರು 60ರಿಂದ 65, ಪಿಸುಮಾತು 30ರ ಆಸುಪಾಸು. (ಮಗ್ಗದವರ ಸ್ವಂತ ಕಿವಿಗಳ ಗತಿ ಏನು ಎಂಬುದು ಬೇರೆಯೇ ವರದಿಯ ವಿಷಯ.)

ಇಂತಹ ಮನೆಯಲ್ಲಿ ಇಂಪ್ಲಾಂಟ್ ಯಂತ್ರ ಮಾಡುವುದೇನು? ಬಿಡದೆ ಬರುವ ಗಟ್ಟಿ ಸದ್ದನ್ನು ಕಂಡು ಅದರ ಸ್ವಯಂಚಾಲಿತ ನಿಯಂತ್ರಕ ಒಟ್ಟಾರೆ ಮಟ್ಟವನ್ನೇ ತಗ್ಗಿಸುತ್ತದೆ. ಮಗ್ಗದ ಸದ್ದಿನೊಡನೆ ಅವ್ವನ ದನಿಯೂ ತಗ್ಗುತ್ತದೆ. ಮೊದಲೇ ಕಿರಿದಾದ ಕಾಲುವೆಯ ಮೇಲಿನ ಭಾಗವನ್ನೆಲ್ಲ ಮಗ್ಗ ಆಕ್ರಮಿಸಿಕೊಂಡು, ಮಾತಿಗೆ ಉಳಿಯುವುದು ತಳದ ಕೆಸರು. ನಗರದ ಶಾಂತ ಫ್ಲ್ಯಾಟಿನ ಮಗುವಿಗೆ ಹೊಂದುವ ಮ್ಯಾಪ್ ಇಳಕಲ್ ಅಥವಾ ಗುಳೇದಗುಡ್ಡದ ನೇಕಾರರ ಮನೆಯ ಮಗುವಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಮ್ಯಾಪ್ ಇಟ್ಟುಕೊಳ್ಳುವ ಅವಕಾಶವಿದೆ: ಮನೆಗೊಂದು, ಶಾಲೆಗೊಂದು, ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಂತಹ ಗದ್ದಲಕ್ಕೊಂದು. ನಾಟಕ ಕಂಪನಿಗಳ ಧ್ವನಿವರ್ಧಕಗಳ ನಡುವೆ ಬೆಚ್ಚಿದ ಮಗುವಿನ ಯಂತ್ರವನ್ನು ಪೋಷಕರು ಕಳಚಿ ಕಿಸೆಗೆ ಹಾಕಿಕೊಂಡರೆ ತಪ್ಪು ಪೋಷಕರದಲ್ಲ. ಆ ಗುಂಡಿ ಯಾವುದಕ್ಕೆ ಎಂದು ಅವರಿಗೆ ಯಾರೂ ಕುಳಿತು ಹೇಳಿರುವುದಿಲ್ಲ.

ಪ್ರಯೋಗಾಲಯದಲ್ಲಿ ಏನಾಗುತ್ತಿದೆ?

ಗಟ್ಟಿತನವನ್ನು ಏರಿಸಲು ವಿದ್ಯುತ್ತಿನ ಎತ್ತರ ಒಂದೇ ದಾರಿಯಲ್ಲ ಎಂಬುದು ಸಂಶೋಧನೆಯ ತಿರುಳು. ನರಕ್ಕೆ ಲೆಕ್ಕ ಸಿಗುವುದು ಹೆಚ್ಚಾಗಿ ವಿದ್ಯುದಾವೇಶದಲ್ಲಿ. ಅಂದರೆ ವಿದ್ಯುತ್ ಪ್ರಮಾಣ ಮತ್ತು ಮಿಡಿತದ ಅವಧಿ ಇವೆರಡರ ಗುಣಲಬ್ಧದಲ್ಲಿ. ಮಿಡಿತವನ್ನು ಹಿಗ್ಗಿಸಿದರೆ ಕಡಿಮೆ ವಿದ್ಯುತ್ತಿನಲ್ಲೇ ಅದೇ ಗಟ್ಟಿತನ ಬರುತ್ತದೆ. ಅಂಗಾಂಶದ ಪ್ರತಿರೋಧ ಹೆಚ್ಚಾಗಿ, ಬ್ಯಾಟರಿಯ ವೋಲ್ಟೇಜ್ ಸಾಲದೆ, ಏಣಿಯ ಮೇಲಿನ ಮೆಟ್ಟಿಲುಗಳು ಹೆಸರಿಗಷ್ಟೇ ಉಳಿದಾಗ ತಜ್ಞರು ಮೊದಲು ಕೈಹಾಕುವುದು ಇಲ್ಲಿಗೇ. ಪ್ರತಿ ಮಿಡಿತದಲ್ಲೂ ಧನ ಮತ್ತು ಋಣ ಎಂಬ ಎರಡು ಅರ್ಧಗಳಿವೆ; ಅಂಗಾಂಶಕ್ಕೆ ಹಾನಿಯಾಗದಂತೆ ಇವೆರಡೂ ಸಮವಾಗಿರಬೇಕು. ಈ ಅರ್ಧಗಳ ನಡುವಿನ ಬಿಡುವನ್ನು ತುಸು ಹೆಚ್ಚಿಸಿದರೂ ಸದ್ದು ಗಟ್ಟಿಯಾಗಿ ಕೇಳುತ್ತದೆ. ಸೆಕೆಂಡಿಗೆ ಎಷ್ಟು ಮಿಡಿತ, ಒಟ್ಟಿಗೆ ಎಷ್ಟು ಎಲೆಕ್ಟ್ರೋಡ್‌ಗಳು ಕೆಲಸದಲ್ಲಿವೆ ಎಂಬುದೂ ಗಟ್ಟಿತನವನ್ನು ಬದಲಿಸುತ್ತದೆ.

ಇತ್ತೀಚಿನ ವಿನ್ಯಾಸಗಳಲ್ಲಿ ಗಮನ ಸೆಳೆಯುವುದು 'ಡೈನಮಿಕ್ ಫೋಕಸಿಂಗ್' ಎಂಬ ಚಿಂತನೆ. ಸಹಜ ಕಿವಿಯಲ್ಲಿ ಸಣ್ಣ ಸದ್ದು ಕರ್ಣಶಂಖದ ಸಣ್ಣ ಭಾಗವನ್ನು ಮಾತ್ರ ಮುಟ್ಟುತ್ತದೆ; ಸದ್ದು ಗಟ್ಟಿಯಾದಂತೆ ಹರಡುತ್ತದೆ. ಇಂಪ್ಲಾಂಟಿನ ವಿದ್ಯುತ್ ಸಾಮಾನ್ಯವಾಗಿ ಮೊದಲಿನಿಂದಲೂ ಅಗಲವಾಗಿ ಹರಡುತ್ತದೆ. ಅಕ್ಕಪಕ್ಕದ ಎಲೆಕ್ಟ್ರೋಡ್‌ಗಳ ನೆರವಿನಿಂದ ಅದನ್ನು ಒಂದೆಡೆ ಕೇಂದ್ರೀಕರಿಸಬಹುದು. ಆದರೆ ಆಗ ಹೆಚ್ಚು ವಿದ್ಯುತ್ ಬೇಕು, ಗಟ್ಟಿ ಸದ್ದಿನ ಮಟ್ಟ ತಲುಪುವುದು ಕಷ್ಟ. ಹೊಸ ವಿಧಾನ ಸಣ್ಣ ಸದ್ದಿಗೆ ಕೇಂದ್ರೀಕರಿಸಿ, ಸದ್ದು ಏರಿದಂತೆ ಹರಡಲು ಬಿಡುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಈ ವಿಧಾನದಿಂದ ಗದ್ದಲದಲ್ಲಿ ಸ್ವರಗಳನ್ನು ಗುರುತಿಸುವ ಸಾಮರ್ಥ್ಯ ಸುಧಾರಿಸಬಲ್ಲದೆಂದು ವರದಿ ಮಾಡಿದರು. ಮಗ್ಗದ ಮನೆಯ ಮಗುವಿಗೆ ಬೇಕಾದದ್ದೂ ಹೆಚ್ಚುಕಡಿಮೆ ಇದೇ.

ಆದರೆ ಇಲ್ಲೊಂದು ಎಚ್ಚರ ಅಗತ್ಯ. ಪ್ರತಿ ಹೊಸ ವಿನ್ಯಾಸವೂ ಹೊಂದಿಸಬೇಕಾದ ಇನ್ನಷ್ಟು ಅಂಕಿಗಳನ್ನು ತರುತ್ತದೆ. ಮಿಡಿತದ ಎತ್ತರ ಒಂದನ್ನೇ ವರ್ಷಕ್ಕೆರಡು ಬಾರಿ ಸರಿಮಾಡಿಸಿಕೊಳ್ಳಲು ಆಗದ ಕುಟುಂಬಕ್ಕೆ ಅಗಲ, ಬಿಡುವು, ವೇಗ, ಹರಡುವಿಕೆಗಳ ಆಯ್ಕೆ ಸಿಕ್ಕರೆ ಪ್ರಯೋಜನವೇನು? ಯಂತ್ರ ಚುರುಕಾದಷ್ಟೂ ಅದನ್ನು ಹೊಂದಿಸುವವರು ಹತ್ತಿರವಿರಬೇಕಾಗುತ್ತದೆ.

ದಾರಿ ದೂರ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹಿರಿಯದು. 1960ರ ದಶಕದ ಮಧ್ಯದಿಂದ ಶ್ರವಣ ತಜ್ಞರನ್ನು ರೂಪಿಸುತ್ತಿರುವ ಇಂತಹ ಸಂಸ್ಥೆ ರಾಜ್ಯದಲ್ಲಿರುವುದು ಕನ್ನಡಿಗರ ಭಾಗ್ಯವೇ ಸರಿ. ಆದರೆ ಬಾಗಲಕೋಟೆಯಿಂದ ಅಲ್ಲಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ಪ್ರಯಾಣ. ಬಾಗಲಕೋಟೆ, ಬಾದಾಮಿಯವರಿಗೆ ರೈಲು ಊರಿನಲ್ಲೇ ಸಿಗುತ್ತದೆ. ಹುನಗುಂದ, ಇಳಕಲ್‌ನವರು ಅದನ್ನು ಹಿಡಿಯಲು ಮೊದಲು ಬಸ್ ಹತ್ತಬೇಕು. ಮ್ಯಾಪಿಂಗ್ ಸೌಲಭ್ಯ ಬಹುಮಟ್ಟಿಗೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂತಹ ದೊಡ್ಡ ನಗರಗಳ ಸುತ್ತಲೇ ಬೆಳೆದಿದೆ. ಹೋಗಿಬರುವ ಪ್ರತಿ ಸಲವೂ ಅವ್ವ-ಅಪ್ಪ ಇಬ್ಬರ ಕೂಲಿ ತಪ್ಪುತ್ತದೆ. ಮೂರನೆಯ, ನಾಲ್ಕನೆಯ ಭೇಟಿಯ ಹೊತ್ತಿಗೆ 'ಈಗ ಕೇಳಿಸ್ತದಲ್ಲ, ಸಾಕು' ಎಂಬ ಮಾತು ಮನೆಯಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ.

ದೂರದಿಂದಲೇ ಮ್ಯಾಪಿಂಗ್ ಮಾಡುವ ತಂತ್ರ ಈಗ ಹೊಸದೇನಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಅಂತರ್ಜಾಲದ ಮೂಲಕ ಮುಂದುವರಿದ ಮ್ಯಾಪಿಂಗ್‌ಗೆ ಒಪ್ಪಿಗೆ ನೀಡಿತು. ಇದಕ್ಕೆ ಬೇಕಾದದ್ದು ಸದ್ದಿಲ್ಲದ ಒಂದು ಕೋಣೆ, ಸಂಪರ್ಕವುಳ್ಳ ಕಂಪ್ಯೂಟರ್, ಯಂತ್ರಕ್ಕೆ ಜೋಡಿಸುವ ಉಪಕರಣ ಮತ್ತು ಮಗುವಿನ ಪಕ್ಕ ಕುಳಿತು ಅದರ ಮುಖ ಓದಬಲ್ಲ ತರಬೇತಿ ಪಡೆದ ಒಬ್ಬ ಸಿಬ್ಬಂದಿ. ಬಾಗಲಕೋಟೆಯ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ಜಿಲ್ಲಾ ಆಸ್ಪತ್ರೆಗಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ಕಲ್ಪನೆಯೂ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೇ ಇದೆ. ಹೊಸ ಕಟ್ಟಡ ಕಟ್ಟುವ ಮಾತು ಇಲ್ಲಿಲ್ಲ; ಇರುವುದನ್ನು ಮೈಸೂರಿಗೆ ತಂತಿಯಿಂದ ಜೋಡಿಸುವ ಮಾತು.

ಅಂಕಣಗಳ ಪ್ರಶ್ನೆಯೂ ಇದೆ. ಯೋಜನೆಯ ಪ್ರಗತಿ ಪರಿಶೀಲನೆಯಲ್ಲಿ 'ಎಷ್ಟು ಮಕ್ಕಳಿಗೆ ಅಳವಡಿಸಲಾಯಿತು' ಎಂಬ ಪ್ರಶ್ನೆಯ ಪಕ್ಕದಲ್ಲಿ, 'ಮೊದಲ ವರ್ಷದಲ್ಲಿ ಪ್ರತಿ ಮಗುವಿಗೆ ಎಷ್ಟು ಬಾರಿ ಮ್ಯಾಪಿಂಗ್ ಆಯಿತು, ದಿನಕ್ಕೆ ಎಷ್ಟು ಗಂಟೆ ಯಂತ್ರ ಧರಿಸಲಾಗುತ್ತಿದೆ' ಎಂಬ ಪ್ರಶ್ನೆಗಳೂ ಸೇರಬೇಕು. ಎರಡನೆಯದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಧರಿಸಿದ ಗಂಟೆಗಳನ್ನು ಇಂದಿನ ಹಲವು ಯಂತ್ರಗಳು ತಾವೇ ದಾಖಲಿಸಿಡುತ್ತವೆ. ಬೇಕಾದದ್ದು ಅದನ್ನು ತೆರೆದು ನೋಡುವ ಮನಸ್ಸು.

ಆರು ಸದ್ದುಗಳು

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಡೇನಿಯಲ್ ಲಿಂಗ್ ಎಂಬ ಶಿಕ್ಷಣ ತಜ್ಞರ ಹೆಸರಿನಲ್ಲಿ ಇದು ಲೋಕವೆಲ್ಲ ಬಳಕೆಯಲ್ಲಿದೆ. ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಮಗುವಿಗೆ ತುಟಿ ಕಾಣದಂತೆ ಹಿಂದೆ ನಿಂತು ಆರು ಸದ್ದುಗಳನ್ನು ಒಂದೊಂದಾಗಿ ನುಡಿಯುವುದು: ಆ, ಈ, ಊ, ಮ್, ಶ್, ಸ್. ಮಾತಿನ ಕೆಳಸ್ಥಾಯಿಯಿಂದ ಮೇಲ್ಸ್ಥಾಯಿಯವರೆಗಿನ ವ್ಯಾಪ್ತಿ ಈ ಆರರಲ್ಲಿ ಅಡಕವಾಗಿದೆ. ಮೊದಲು ಹತ್ತಿರದಿಂದ, ಆಮೇಲೆ ಎರಡು ಮಾರು ದೂರದಿಂದ. ಮಗು ಪ್ರತಿಯೊಂದಕ್ಕೂ ಪ್ರತಿಕ್ರಿಯಿಸಬೇಕು. ಸಾಕ್ಷರತೆ ಬೇಕಿಲ್ಲ, ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಮೊದಲು ಕೇಳಿಸುತ್ತಿದ್ದ 'ಸ್' ಮೂರು ದಿನದಿಂದ ಕೇಳಿಸುತ್ತಿಲ್ಲವೆಂದರೆ ಬ್ಯಾಟರಿ, ಕೇಬಲ್ ನೋಡಬೇಕು. ಅವು ಸರಿಯಿದ್ದರೆ ಮ್ಯಾಪ್ ನೋಡಿಸಬೇಕು. ಆ ಮೇಜು ಮೈಸೂರಿನಲ್ಲಿದ್ದರೆ ಇಳಕಲ್‌ನ ಅವ್ವನಿಗೆ ಹೋಗಿಬರಲು ಎರಡು ರಾತ್ರಿಯ ರೈಲು. ಬಾಗಲಕೋಟೆಯಲ್ಲಿದ್ದರೆ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದ ಮಗ್ಗಕ್ಕೆ ಮರಳಬಹುದು.